ಇಸ್ತ್ರಿ ಪೆಟ್ಟಿಗೆಯಡಿ ಬಿಗಿಯುವ ರೆಕ್ಕೆ: ಮಾದರಿ ವಿಮಾನಕ್ಕೆ ಹೊದಿಕೆ ಹಾಕುವ ಕುಶಲ ಕೆಲಸ

ಭಾನುವಾರ ಬೆಳಗ್ಗೆ ಮಹಾನಗರದ ಹೊರವಲಯದ ಬಯಲಿನಲ್ಲಿ ರೇಡಿಯೊ ನಿಯಂತ್ರಿತ ಮಾದರಿ ವಿಮಾನವೊಂದು ಮೇಲೇರಿದರೆ, ಸುತ್ತ ನೆರೆದವರ ಕಣ್ಣು ಮೊದಲು ಹೋಗುವುದು ಅದರ ಬಣ್ಣದ ಮೇಲೆ. ಕನ್ನಡಿಯಂತೆ ಹೊಳೆಯುವ ಕೆಂಪು ರೆಕ್ಕೆ, ಅದರ ಮೇಲೊಂದು ಬಿಳಿ ಪಟ್ಟಿ. ವಿಮಾನ ಕೆಳಗಿಳಿದ ಕೂಡಲೇ ಯಾರಾದರೊಬ್ಬರು ‘ಯಾವ ಪೇಂಟ್ ಹೊಡೆದಿದ್ದೀರಿ?’ ಎಂದು ಕೇಳಿಯೇ ಕೇಳುತ್ತಾರೆ. ಅದು ಪೇಂಟ್ ಅಲ್ಲ. ಹಿಂಬದಿಯಲ್ಲಿ ಅಂಟು ಸವರಿದ, ಶಾಖಕ್ಕೆ ಕುಗ್ಗುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಬಟ್ಟೆಗೆ ಇಸ್ತ್ರಿ ಹಾಕಿದಂತೆಯೇ ಅದನ್ನು ಮರದ ಹಂದರಕ್ಕೆ ಬಿಸಿಯಿಂದ ಹತ್ತಿಸಲಾಗಿರುತ್ತದೆ.

ಈ ಹವ್ಯಾಸ ಕೇವಲ ಹಣವಂತರದ್ದು ಎಂಬ ಭಾವನೆ ಹಲವರಲ್ಲಿದೆ. ಆದರೆ ಎನ್‌ಸಿಸಿಯ ವಾಯುದಳ ವಿಭಾಗದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ತರಬೇತಿಯ ಒಂದು ಭಾಗವೇ ಆಗಿದೆ. ಚೆನ್ನೈಯಲ್ಲಿ ಎಸ್‌ಎಇ ಇಂಡಿಯಾದ ದಕ್ಷಿಣ ವಿಭಾಗ ನಡೆಸುತ್ತ ಬಂದಿರುವ ಏರೋ ಡಿಸೈನ್ ಚಾಲೆಂಜ್ ಸ್ಪರ್ಧೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ವಿಮಾನಗಳನ್ನು ಹೊತ್ತು ತರುತ್ತಾರೆ. ಹೀಗಾಗಿ ಮಗನೋ ಮಗಳೋ ಒಂದು ದಿನ ಬಾಲ್ಸಾ ಮರದ ಕಡ್ಡಿಗಳನ್ನೂ ಸುರುಳಿ ಸುತ್ತಿದ ಬಣ್ಣದ ಹಾಳೆಯನ್ನೂ ಮನೆಗೆ ತಂದು, ಅಡುಗೆಮನೆಯ ಕಟ್ಟೆ ಖಾಲಿ ಮಾಡಿಕೊಡಿ ಎಂದು ಕೇಳಿದರೆ ಅಚ್ಚರಿಪಡಬೇಕಾಗಿಲ್ಲ. ಆಗ ಹಿರಿಯರಿಗೆ ತಿಳಿದಿರಬೇಕಾದ ಸಂಗತಿ ಒಂದುಂಟು. ಈ ಹಾಳೆ ವಿಮಾನಕ್ಕೆ ತೊಡಿಸುವ ಅಂಗಿ ಮಾತ್ರವಲ್ಲ, ಅದು ವಿಮಾನದ ಮೂಳೆಗಳಿಗೆ ಬಲ ಕೊಡುವ ಚರ್ಮ. ಹೊದಿಕೆ ಹಾಕುವಾಗ ಆದ ತಪ್ಪು ಮೇಜಿನ ಮೇಲೆ ಕಾಣಿಸುವುದಿಲ್ಲ, ಆಕಾಶದಲ್ಲಿ ಕಾಣಿಸುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಹಾಳೆ ಹಾಕದ, ಬರೀ ಅಡ್ಡಕಡ್ಡಿ ಉದ್ದಕಡ್ಡಿಗಳ ರೆಕ್ಕೆಯನ್ನು ಎರಡೂ ತುದಿಗಳಲ್ಲಿ ಹಿಡಿದು ಮೆಲ್ಲಗೆ ತಿರುಚಿದರೆ ಒದ್ದೆ ಬಟ್ಟೆ ಹಿಂಡಿದಂತೆ ತಿರುಗುತ್ತದೆ. ಅದೇ ರೆಕ್ಕೆಗೆ ಎರಡೂ ಬದಿಗೆ ಹಾಳೆ ಹೊದಿಸಿ ಬಿಗಿದ ಮೇಲೆ ಹಿಡಿದು ನೋಡಿದರೆ ಸುಲಭಕ್ಕೆ ಮಣಿಯುವುದಿಲ್ಲ. ಮರ ಅದೇ, ಕಡ್ಡಿ ಅದೇ. ಬದಲಾದದ್ದು ಹೊದಿಕೆಯೊಂದೇ.

ಬಟ್ಟೆಯಿಂದ ಹಾಳೆಗೆ

ರೆಕ್ಕೆಗೆ ಹೊದಿಕೆ ಹಾಕುವ ಪದ್ಧತಿ ವಿಮಾನದಷ್ಟೇ ಹಳೆಯದು. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ರೆಕ್ಕೆಗೆ ಹೊದಿಸಿದ್ದು ಮಸ್ಲಿನ್ ಬಟ್ಟೆ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1958ರಲ್ಲಿ ಮೊದಲ ಬಾರಿ ಹಾರಿದ ‘ಪುಷ್ಪಕ್’ ಲಘು ವಿಮಾನವೂ ಬಟ್ಟೆಯ ಹೊದಿಕೆಯದೇ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ಹಾರಾಟ ಕಲಿತದ್ದು ಈ ಬಟ್ಟೆಯ ರೆಕ್ಕೆಗಳ ಆಸರೆಯಲ್ಲಿ. ಇಂದಿಗೂ ಬಟ್ಟೆ ಹೊದಿಕೆಯ ನಿಜ ವಿಮಾನಗಳಿಗೆ ಪಾಲಿಯೆಸ್ಟರ್ ಬಟ್ಟೆ ಹಾಕಿ, ಇಸ್ತ್ರಿ ಪೆಟ್ಟಿಗೆಯಿಂದಲೇ ಬಿಗಿಗೊಳಿಸುತ್ತಾರೆ.

ಮಾದರಿ ವಿಮಾನಗಳಿಗೆ ಮೊದಲು ಬಳಕೆಯಲ್ಲಿದ್ದುದು ಟಿಶ್ಯೂ ಕಾಗದ, ರೇಷ್ಮೆ, ನೈಲಾನ್. ಅದನ್ನು ಅಂಟಿಸಿ, ಮೇಲೆ ‘ಡೋಪ್’ ಎಂಬ ದ್ರಾವಣವನ್ನು ಪದರ ಪದರವಾಗಿ ಬಳಿಯಬೇಕಿತ್ತು. ಒಣಗುತ್ತ ಡೋಪ್ ಕುಗ್ಗಿ ಬಟ್ಟೆಯನ್ನು ಎಳೆದು ಬಿಗಿಯುತ್ತಿತ್ತು. ಕೆಲಸ ಸುಂದರವೇ ಹೌದು. ಆದರೆ ಅದರ ಘಾಟು ಮತ್ತು ತಟ್ಟನೆ ಬೆಂಕಿ ಹತ್ತುವ ಗುಣ ಬಯಲು ಶೆಡ್ಡಿಗೆ ಸರಿ, ಗಾಳಿಯಾಡದ ಖೋಲಿಗೆ ಅಲ್ಲ. 1960ರ ದಶಕದಲ್ಲಿ ಅಮೆರಿಕದ ಟಾಪ್‌ಫ್ಲೈಟ್ ಕಂಪನಿ ‘ಮೊನೊಕೋಟ್’ ಎಂಬ ಪಾಲಿಯೆಸ್ಟರ್ ಹಾಳೆಯನ್ನು ಮಾರುಕಟ್ಟೆಗೆ ತಂದಾಗ ಈ ತೊಂದರೆ ತಪ್ಪಿತು. ಬಣ್ಣ, ಅಂಟು, ಬಿಗಿತ ಮೂರೂ ಒಂದೇ ಸುರುಳಿಯಲ್ಲಿ. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದೆರಡು ಸಂಜೆಗೆ ಇಳಿಯಿತು. ಸಣ್ಣ ಮನೆಗಳಲ್ಲೂ ಈ ಹವ್ಯಾಸಕ್ಕೆ ಜಾಗ ಸಿಕ್ಕಿತು.

ಹಾಳೆ ಕುಗ್ಗುವುದೇಕೆ? ಕಾರ್ಖಾನೆಯಲ್ಲಿ ಪಾಲಿಯೆಸ್ಟರನ್ನು ಬಿಸಿ ಮಾಡಿ ಉದ್ದಕ್ಕೂ ಅಡ್ಡಕ್ಕೂ ಎಳೆದು, ಎಳೆದ ಸ್ಥಿತಿಯಲ್ಲೇ ತಣಿಸುತ್ತಾರೆ. ಅದರೊಳಗಿನ ಅಣುಸರಪಳಿಗಳು ಎಳೆದ ರಬ್ಬರಿನಂತೆ ಹಾಗೆಯೇ ಬಂಧಿಯಾಗಿ ಉಳಿಯುತ್ತವೆ. ಮತ್ತೆ ಶಾಖ ತಾಗಿದಾಗ ಹಳೆಯ ಸ್ಥಿತಿಗೆ ಮರಳಲು ನೋಡುತ್ತವೆ. ಅಂಚುಗಳು ಮರಕ್ಕೆ ಅಂಟಿರುವುದರಿಂದ ಹಾಳೆ ಹಿಂದೆ ಸರಿಯಲಾರದೆ ಬಿಗಿಯುತ್ತದೆ. ಬೆಂಕಿಗೆ ಹಿಡಿದ ತಮಟೆಯ ಚರ್ಮ ಬಿಗಿದು ನಾದ ಕೊಡುವುದನ್ನು ಊರಿನಲ್ಲಿ ಕಂಡವರಿಗೆ ಈ ತತ್ವ ಹೊಸದಲ್ಲ. ಚೆನ್ನಾಗಿ ಹೊದಿಸಿದ ರೆಕ್ಕೆಯನ್ನು ಬೆರಳಿನಿಂದ ತಟ್ಟಿದರೆ ಅದೂ ‘ಡಬ್’ ಎನ್ನುತ್ತದೆ.

ಯಾವ ಹಾಳೆ ಕೊಳ್ಳಬೇಕು?

ದಶಕಗಳ ಕಾಲ ‘ಮೊನೊಕೋಟ್’ ಎಂದರೆ ಹೊದಿಕೆ, ಹೊದಿಕೆ ಎಂದರೆ ‘ಮೊನೊಕೋಟ್’ ಎಂಬಂತಿತ್ತು. ಅದರ ಒಡೆತನ ಹೊಂದಿದ್ದ ಹಾಬಿಕೋ ಸಂಸ್ಥೆ 2018ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದ ಬಳಿಕ ಆ ಹಾಳೆ ಸಿಗುವುದು ದುರ್ಲಭವಾಯಿತು. ಹೆಸರು ಮಾತ್ರ ಉಳಿದಿದೆ. ಇಂದು ಅಂಗಡಿಯಲ್ಲಿ ‘ಮೊನೊಕೋಟ್ ಇದೆಯಾ’ ಎಂದರೆ ಬೇರಾವುದೋ ಹಾಳೆಯ ಸುರುಳಿ ಕೈಗೆ ಬರಬಹುದು. ಜರ್ಮನಿಯ ಲೈಪ್‌ಜಿಗ್‌ನ ‘ಓರಾಕವರ್’ ಈಗ ಅನುಭವಿಗಳ ಮೆಚ್ಚಿನದು. ಅಮೆರಿಕದಲ್ಲಿ ಅದೇ ಹಾಳೆಗೆ ‘ಅಲ್ಟ್ರಾಕೋಟ್’ ಎಂದು ಹೆಸರು. ಇವುಗಳ ಜತೆಗೆ ಅಗ್ಗದ ಚೀನಾ ಹಾಳೆಗಳು ಧಾರಾಳವಾಗಿ ಸಿಗುತ್ತವೆ.

ಮೊನೊಕೋಟ್‌ಗೂ ಓರಾಕವರ್‌ಗೂ ಒಂದು ಮುಖ್ಯ ವ್ಯತ್ಯಾಸವುಂಟು. ಮೊನೊಕೋಟ್‌ನಲ್ಲಿ ಬಣ್ಣ ಇರುವುದು ಅಂಟಿನ ಪದರದಲ್ಲೇ. ಶಾಖ ಹೆಚ್ಚಾದರೆ ಹಾಳೆಯ ಅಂಚಿನಿಂದ ಬಣ್ಣ ಹೊರಗೆ ಹರಿದು ಕಲೆಯಾಗುತ್ತಿತ್ತು. ಹಳೆಯ ಹೊದಿಕೆ ಕಿತ್ತರೆ ಮರದ ಮೇಲೆ ಬಣ್ಣ ಉಳಿಯುತ್ತಿತ್ತು. ಓರಾಕವರ್‌ನಲ್ಲಿ ಅಂಟು ಬೇರೆ, ಬಣ್ಣ ಬೇರೆ. ತಪ್ಪಾಗಿ ಕೂತ ಹಾಳೆಯನ್ನು ಬಿಸಿ ಮಾಡಿ ಬಿಡಿಸಿ ಮತ್ತೆ ಕೂರಿಸಬಹುದು. ಮೊದಲ ವಿಮಾನ ಕಟ್ಟುವವರಿಗೆ ಈ ಒಂದು ಅನುಕೂಲಕ್ಕಾಗಿಯೇ ನಾಲ್ಕು ಕಾಸು ಹೆಚ್ಚು ಕೊಡುವುದು ನಷ್ಟವಲ್ಲ.

ಇನ್ನು ತೂಕದ ಲೆಕ್ಕ. ಒಂದೂವರೆ ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ರೆಕ್ಕೆಗೆ ಎರಡೂ ಬದಿ ಸೇರಿ ಮುಕ್ಕಾಲು ಚದರ ಮೀಟರ್ ಹಾಳೆ ಬೇಕು. ಚದರ ಮೀಟರಿಗೆ ಸುಮಾರು 65 ಗ್ರಾಂ ತೂಗುವ ಸಾಮಾನ್ಯ ಹಾಳೆಯಾದರೆ ಹೊದಿಕೆಯ ಭಾರ 50 ಗ್ರಾಂ. 40 ಗ್ರಾಂನ ಹಗುರ ಹಾಳೆಯಾದರೆ 30 ಗ್ರಾಂ. ಎರಡು ಕಿಲೋ ತೂಗುವ ತರಬೇತಿ ವಿಮಾನಕ್ಕೆ ಈ 20 ಗ್ರಾಂ ಲೆಕ್ಕಕ್ಕಿಲ್ಲ. ಅಲ್ಲಿ ಗಟ್ಟಿ ಹಾಳೆಯೇ ಮೇಲು. ನಾನೂರು ಗ್ರಾಂನ ವಿದ್ಯುತ್ ವಿಮಾನಕ್ಕೆ ಮಾತ್ರ ಅದು ದೊಡ್ಡ ಹೊರೆ. ಅಷ್ಟೇ ಅಲ್ಲ, ಅಂಥ ಪುಟ್ಟ ವಿಮಾನದ ತೆಳು ಕಡ್ಡಿಗಳನ್ನು ಗಟ್ಟಿ ಹಾಳೆಯ ಎಳೆತ ಬಿಲ್ಲಿನಂತೆ ಬಗ್ಗಿಸಿಬಿಡುತ್ತದೆ. ಬಾಲದ ಮೇಲೆ ಅಂದಕ್ಕಾಗಿ ಪಟ್ಟಿ, ನಕ್ಷತ್ರ ಅಂಟಿಸುವವರು ಇನ್ನೊಂದು ಲೆಕ್ಕ ನೆನಪಿಡಬೇಕು. ಗುರುತ್ವ ಕೇಂದ್ರದಿಂದ ಬಾಲ 75 ಸೆಂಟಿಮೀಟರ್ ಹಿಂದೆ, ಮೂಗು 25 ಸೆಂಟಿಮೀಟರ್ ಮುಂದೆ ಇದ್ದರೆ, ಬಾಲಕ್ಕೆ ಸೇರಿಸಿದ 10 ಗ್ರಾಂಗೆ ಸಮನಾಗಿ ಮೂಗಿಗೆ 30 ಗ್ರಾಂ ಸೀಸ ಕಟ್ಟಬೇಕಾಗುತ್ತದೆ.

ಓರಾಕವರ್ 60 ಸೆಂಟಿಮೀಟರ್ ಅಗಲ, ಎರಡು ಮೀಟರ್ ಉದ್ದದ ಸುರುಳಿಯಾಗಿ ಬರುತ್ತದೆ. ಮೇಲೆ ಹೇಳಿದ ರೆಕ್ಕೆಗೆ 80 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ನಾಲ್ಕು ತುಂಡು ಬೇಕು. ಜಾಣತನದಿಂದ ಕತ್ತರಿಸಿದರೆ ಒಂದೇ ಸುರುಳಿಯಲ್ಲಿ ರೆಕ್ಕೆ ಮುಗಿದು ಒಂದು ತುಂಡು ಉಳಿಯುತ್ತದೆ. ಸೀರೆಯ ಬಟ್ಟೆಯಲ್ಲಿ ರವಿಕೆ ಹೊಂದಿಸುವ ಮನೆಯ ಗೃಹಿಣಿಯರನ್ನು ಈ ಕೆಲಸಕ್ಕೆ ಕೂರಿಸಿದರೆ ಎಂಜಿನಿಯರಿಂಗ್ ಹುಡುಗರಿಗಿಂತ ಕಡಿಮೆ ವ್ಯರ್ಥ ಮಾಡಿಯಾರು!

ಬಣ್ಣದ ಆಯ್ಕೆ ಬರೀ ರುಚಿಯ ಮಾತಲ್ಲ. ನೂರೈವತ್ತು ಮೀಟರ್ ದೂರ ಹೋದ ವಿಮಾನ ಕಣ್ಣಿಗೆ ಒಂದು ಕಪ್ಪು ಆಕೃತಿ ಮಾತ್ರ. ಅದು ಬರುತ್ತಿದೆಯೋ ಹೋಗುತ್ತಿದೆಯೋ, ಹೊಟ್ಟೆ ಕಾಣುತ್ತಿದೆಯೋ ಬೆನ್ನೋ ಎಂದು ತಿಳಿಯದೆ ಹೋದರೆ ಕೈಯಲ್ಲಿದ್ದ ರಿಮೋಟ್ ಇದ್ದೂ ಇಲ್ಲದಂತೆ. ಮುಂಬಯಿ, ದಿಲ್ಲಿಗಳ ಮಬ್ಬು ಆಕಾಶದಲ್ಲಿ ಬೆಳ್ಳಿ, ಬಿಳಿ, ತಿಳಿನೀಲಿ ಕರಗಿಹೋಗುತ್ತವೆ. ಮೇಲ್ಬದಿಗೆ ಕೆಂಪೋ ಹಳದಿಯೋ ಇರಲಿ, ಕೆಳಬದಿಗೆ ಅಗಲವಾದ ಕಪ್ಪು-ಬಿಳಿ ಪಟ್ಟಿಗಳಿರಲಿ. ಒಳಗಿನ ಕಡ್ಡಿಗಳೆಲ್ಲ ಕಾಣುವ ಪಾರದರ್ಶಕ ಹಾಳೆ ಕೈಯಲ್ಲಿ ಹಿಡಿದಾಗ ಬಲು ಚೆಂದ, ಆದರೆ ಕಲಿಯುವವರಿಗೆ ತಕ್ಕದ್ದಲ್ಲ.

ಇಸ್ತ್ರಿ ಹಿಡಿಯುವ ಮುನ್ನ

ಹಾಳೆ ಮರದ ದೋಷವನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಒಂದು ಧೂಳಿನ ಕಣವೂ ಹೊಳಪಿನ ಕೆಳಗೆ ಮೊಡವೆಯಂತೆ ಕಾಣುತ್ತದೆ. ಆದ್ದರಿಂದ ಮೊದಲು 220, ಆಮೇಲೆ 400 ನಂಬರಿನ ಉಜ್ಜುಕಾಗದದಿಂದ ಮರವನ್ನು ತಿಕ್ಕಿ, ಗುಳಿಗಳಿಗೆ ಹಗುರ ಫಿಲ್ಲರ್ ತುಂಬಿ, ಧೂಳನ್ನು ಪೂರ್ತಿ ತೆಗೆಯಬೇಕು. ಹೊದಿಕೆಗೆ ಹಿಡಿದಷ್ಟೇ ಹೊತ್ತು ಇದಕ್ಕೂ ಹಿಡಿಯುತ್ತದೆ. ಅವಸರದವರು ಸೋಲುವುದು ಇಲ್ಲೇ.

ಹಾಳೆಯ ಬೆನ್ನಿಗೆ ಪಾರದರ್ಶಕವಾದ ಇನ್ನೊಂದು ರಕ್ಷಣಾ ಹಾಳೆ ಇರುತ್ತದೆ. ಅದನ್ನು ತೆಗೆಯಲು ಮರೆತು, ಯಾಕೆ ಅಂಟುತ್ತಿಲ್ಲ ಎಂದು ಅರ್ಧ ಗಂಟೆ ಇಸ್ತ್ರಿ ಉಜ್ಜುವುದು ಹೊಸಬರೆಲ್ಲರೂ ಒಮ್ಮೆ ಮಾಡುವ ತಪ್ಪು. ಮೂಲೆಯ ಎರಡೂ ಬದಿಗೆ ಟೇಪಿನ ಚೂರು ಅಂಟಿಸಿ ಎಳೆದರೆ ಎರಡೂ ಹಾಳೆ ಸಲೀಸಾಗಿ ಬೇರೆಯಾಗುತ್ತವೆ.

ಪುಟ್ಟ ಹೊದಿಕೆ ಇಸ್ತ್ರಿ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಮನೆಯ ಹಗುರ ಇಸ್ತ್ರಿ ಪೆಟ್ಟಿಗೆಯೂ ನಡೆಯುತ್ತದೆ. ಅದರ ತಳಕ್ಕೆ ಹತ್ತಿ ಬಟ್ಟೆ ಕಟ್ಟಿದರೆ ಹಾಳೆಗೆ ಗೀರು ಬೀಳುವುದಿಲ್ಲ. ಆದರೆ ಪೆಟ್ಟಿಗೆಯ ಗುಂಡಿಯ ಮೇಲಿನ ‘ರೇಷ್ಮೆ’, ‘ಹತ್ತಿ’ ಗುರುತುಗಳನ್ನು ನಂಬುವಂತಿಲ್ಲ. ಓರಾಕವರ್ ಜಾತಿಯ ಹಾಳೆಗೆ ಅಂಟು ಹಿಡಿಯಲು ಸುಮಾರು 105 ಡಿಗ್ರಿ ಸೆಲ್ಸಿಯಸ್, ಬಿಗಿಯಲು 150 ಡಿಗ್ರಿ ಆಸುಪಾಸು ಬೇಕು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಇಡೀ ವಿದ್ಯೆ ಅಡಗಿದೆ. ಕಡಿಮೆ ಶಾಖದಲ್ಲಿ ಹಾಳೆ ಕುಗ್ಗದೆ ಅಂಟುತ್ತದೆ, ಹೆಚ್ಚು ಶಾಖದಲ್ಲಿ ಅಂಟಿದ ಹಾಳೆ ಬಿಗಿಯುತ್ತದೆ. ಮೊದಲೇ ಹೆಚ್ಚು ಶಾಖ ಕೊಟ್ಟರೆ ಸುಟ್ಟ ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಒಂದು ಸಣ್ಣ ಉಷ್ಣತಾ ಮಾಪಕ ಕೊಂಡರೆ ಹಾಳಾಗುವ ಒಂದು ಸುರುಳಿಯ ದುಡ್ಡು ಉಳಿದಂತೆ.

ಹೆಸರಿಲ್ಲದ ಹಾಳೆ ಕೈಗೆ ಬಂದರೆ ನಾಲ್ಕು ಕಡ್ಡಿ ಜೋಡಿಸಿ ಸ್ಲೇಟಿನಷ್ಟು ದೊಡ್ಡ ಚೌಕಟ್ಟು ಮಾಡಿ, ಅದಕ್ಕೆ ಒಂದು ಚೂರು ಹೊದಿಸಿ ನೋಡಬೇಕು. ಎಷ್ಟು ಶಾಖಕ್ಕೆ ಅಂಟಿತು, ಎಷ್ಟಕ್ಕೆ ಬಿಗಿಯಿತು, ಎಷ್ಟಕ್ಕೆ ತೂತು ಬಿತ್ತು ಎಂಬುದನ್ನು ಬರೆದಿಟ್ಟುಕೊಂಡರೆ ಆ ಸುರುಳಿ ಮತ್ತೆ ಮೋಸ ಮಾಡಲಾರದು. ಥರ್ಮೊಕೋಲ್ ವಿಮಾನಕ್ಕೆ ಸಾಮಾನ್ಯ ಹಾಳೆ ಹಾಕಲೇಬಾರದು. ಹಾಳೆಯ ಅಂಟು ಕರಗುವ ಹೊತ್ತಿಗೆ ಥರ್ಮೊಕೋಲೂ ಮೆತ್ತಗಾಗಿರುತ್ತದೆ.

ಕೆಳಗೆ ಮೊದಲು, ಮೇಲೆ ಆಮೇಲೆ

ಹೊದಿಸುವಾಗ ರೆಕ್ಕೆಯ ಕೆಳಬದಿ ಮೊದಲು, ಮೇಲ್ಬದಿ ಕೊನೆಗೆ. ಆಗ ಜೋಡಣೆಯ ಅಂಚು ಕೆಳಗಡೆಗೆ ಹೋಗಿ ಕಣ್ಣಿಗೆ ಬೀಳುವುದಿಲ್ಲ. ಒಡಲಿಗೆ ಬಾಲದ ಕಡೆಯಿಂದ ಮೂಗಿನ ಕಡೆಗೆ ಬರಬೇಕು, ಹೆಂಚು ಹೊದಿಸುವವರು ಸೂರಿನಿಂದ ಮೇಲಕ್ಕೆ ಹೋದಂತೆ. ಮುಂದಿನ ಹಾಳೆ ಹಿಂದಿನದರ ಮೇಲೆ ಕೂತರೆ ಗಾಳಿಯಾಗಲಿ, ಎಂಜಿನ್ನಿನ ಎಣ್ಣೆಯಾಗಲಿ ಅಂಚನ್ನು ಎಬ್ಬಿಸಲಾರದು. ಜೋಡಣೆಯಲ್ಲಿ ಅರ್ಧ ಸೆಂಟಿಮೀಟರಿಗಿಂತ ಕೊಂಚ ಹೆಚ್ಚು ಒಂದರ ಮೇಲೊಂದು ಬರಲಿ. ತಿಳಿ ಬಣ್ಣ ಕೆಳಗೆ, ಗಾಢ ಬಣ್ಣ ಮೇಲೆ ಇರಲಿ. ತಿರುಗುಮುರುಗಾದರೆ ಹಳದಿಯ ಅಡಿಯಿಂದ ಕಪ್ಪು ಇಣುಕುತ್ತದೆ.

ಮೊದಲು ಸುತ್ತಲಿನ ಅಂಚುಗಳನ್ನಷ್ಟೇ ಕಡಿಮೆ ಶಾಖದಲ್ಲಿ ಹತ್ತಿಸಬೇಕು. ಒಂದು ತುದಿ ಅಂಟಿಸಿ, ಎದುರು ತುದಿ ಎಳೆದು ಅಂಟಿಸಿ, ಆಮೇಲೆ ಬದಿಗಳು. ಹಲಗೆ ಹೊದಿಸಿದ ಭಾಗದಲ್ಲಾದರೆ ನಡುವಿನಿಂದ ಹೊರಕ್ಕೆ ಇಸ್ತ್ರಿ ಸರಿಸುತ್ತ ಗಾಳಿಯನ್ನು ಹೊರದೂಡಬೇಕು. ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಒತ್ತಿದರಾಯಿತು. ಬಣ್ಣದ ಹಾಳೆಯ ಮೇಲೆ ಅಕ್ಷರ, ಪಟ್ಟಿ ಅಂಟಿಸುವಾಗ ಗುಳ್ಳೆಯ ಕಾಟ ಹೆಚ್ಚು. ಅದಕ್ಕೆ ಕಿಟಕಿ ಗಾಜು ಒರೆಸುವ ದ್ರಾವಣ ಸಿಂಪಡಿಸಿ, ಪಟ್ಟಿಯನ್ನು ಅದರ ಮೇಲೆ ತೇಲಿಸಿ, ಜಾಗಕ್ಕೆ ಸರಿಸಿ, ಹಳೆಯ ಎಟಿಎಂ ಕಾರ್ಡಿನಿಂದ ನೀರನ್ನು ಹೊರದೂಡಿ, ಒಣಗಿದ ಮೇಲೆ ಅಂಚುಗಳಿಗೆ ಮಾತ್ರ ಬಿಸಿ ಕೊಡುವ ಉಪಾಯ ಚಾಲ್ತಿಯಲ್ಲಿದೆ.

ರೆಕ್ಕೆ ತಿರುಚಿದರೆ

ಅಪಾಯದ ಘಟ್ಟ ಆಮೇಲಿನದು. ನಾಲ್ಕೂ ಅಂಚು ಅಂಟಿದ ಬಳಿಕ ಶಾಖ ಏರಿಸಿ ಬಿಗಿಯುವಾಗ ಉತ್ಸಾಹದಲ್ಲಿ ಮೇಲ್ಬದಿಯೊಂದನ್ನೇ ಪೂರ್ತಿ ಬಿಗಿದರೆ ರೆಕ್ಕೆ ಆ ಕಡೆಗೆ ಬಾಗುತ್ತದೆ. ಒಂದು ಬದಿಗೆ ಸ್ವಲ್ಪ, ಇನ್ನೊಂದು ಬದಿಗೆ ಸ್ವಲ್ಪ ಎಂದು ಸರದಿಯಂತೆ ಬಿಸಿ ಕೊಡಬೇಕು. ಮಧ್ಯೆ ಮಧ್ಯೆ ರೆಕ್ಕೆಯನ್ನು ಹಿಂದಿನಿಂದ ಹಿಡಿದು ಕಣ್ಣಿನ ನೇರಕ್ಕೆ ನೋಡಬೇಕು. ಎಡ ತುದಿಯ ಹಿಂಬದಿ ಕೆಳಗೆ ಜೋತಿದ್ದು ಬಲ ತುದಿ ನೇರವಾಗಿದ್ದರೆ ಆ ವಿಮಾನ ನೆಲ ಬಿಟ್ಟ ಕೂಡಲೇ ಒಂದು ಬದಿಗೆ ಉರುಳಲು ನೋಡುತ್ತದೆ. ಹಾಗೆ ಜೋತ ತುದಿ ವೇಗ ತಗ್ಗಿದಾಗ ಮೊದಲು ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಇಳಿಯಲು ಬಂದ ವಿಮಾನ ತಟ್ಟನೆ ಮಗುಚುವುದು ಹೀಗೆ. ಹಾರಿಸುವವನು ರೇಡಿಯೊವನ್ನೋ ಗಾಳಿಯನ್ನೋ ದೂರುತ್ತಾನೆ. ಕಾರಣ ವಾರದ ಹಿಂದೆ ಮೇಜಿನ ಮೇಲೆಯೇ ಹುಟ್ಟಿರುತ್ತದೆ.

ಸಂತೋಷದ ಸಂಗತಿಯೆಂದರೆ ಕೆಡಿಸಿದ ಶಾಖವೇ ಸರಿಪಡಿಸುತ್ತದೆ. ಒಬ್ಬರು ರೆಕ್ಕೆಯನ್ನು ಬೇಕಾದ ದಿಕ್ಕಿಗೆ ಕೊಂಚ ಹೆಚ್ಚೇ ತಿರುಚಿ ಹಿಡಿದುಕೊಂಡು, ಇನ್ನೊಬ್ಬರು ಎರಡೂ ಬದಿಯ ಹಾಳೆಗೆ ಬಿಸಿ ಕೊಟ್ಟು, ಪೂರ್ತಿ ತಣಿಯುವವರೆಗೆ ಕೈ ಬಿಡದಿದ್ದರೆ ರೆಕ್ಕೆ ಹೊಸ ಆಕಾರದಲ್ಲಿ ನಿಲ್ಲುತ್ತದೆ. ಅನುಭವಿಗಳು ಎರಡೂ ತುದಿಗಳ ಹಿಂಬದಿಯನ್ನು ಸಮನಾಗಿ ಒಂದಿಷ್ಟು ಮೇಲಕ್ಕೆತ್ತಿಯೇ ಬಿಗಿಯುತ್ತಾರೆ. ಅಂಥ ವಿಮಾನ ನಿಧಾನಗತಿಯಲ್ಲಿ ಹೆಚ್ಚು ಸಭ್ಯವಾಗಿ ವರ್ತಿಸುತ್ತದೆ.

ಬ್ಲೇಡಿನ ಗಾಯ

ಇದಕ್ಕಿಂತ ಗಂಭೀರವಾದುದು ಬ್ಲೇಡಿನ ತಪ್ಪು. ಹೆಚ್ಚಾದ ಹಾಳೆಯನ್ನು ರೆಕ್ಕೆಯ ಮೇಲಿಟ್ಟೇ ಅಳತೆಪಟ್ಟಿ ಹಿಡಿದು ಕತ್ತರಿಸುವುದು ಸಾಮಾನ್ಯ ಅಭ್ಯಾಸ. ಹಾಳೆಯ ಅಡಿಯಲ್ಲಿರುವುದು ಒಂದೂವರೆ ಮಿಲಿಮೀಟರ್ ದಪ್ಪದ ಬಾಲ್ಸಾ ಹಲಗೆ. ಉಗುರಿಗೇ ತಗ್ಗುವ ಮರವದು, ಬ್ಲೇಡಿಗೆ ಯಾವ ಲೆಕ್ಕ? ನಡುಭಾಗದಲ್ಲಿ, ಕೆಳಬದಿಯಲ್ಲಿ ಅಡ್ಡಲಾಗಿ ಬಿದ್ದ ಗೀರು ಬಣ್ಣದ ಹಾಳೆಯಡಿ ಮುಚ್ಚಿಹೋಗುತ್ತದೆ. ಹಾರುವಾಗ ರೆಕ್ಕೆಯ ತುದಿಗಳು ಮೇಲಕ್ಕೆ ಬಾಗುವುದರಿಂದ ಕೆಳಬದಿ ಸದಾ ಎಳೆತದಲ್ಲಿರುತ್ತದೆ, ಗೀರು ಬಾಯಿ ಬಿಡಲು ಕಾಯುತ್ತಿರುತ್ತದೆ. ಎರಡು ಕಿಲೋ ವಿಮಾನ ಎತ್ತರದಿಂದ ಧುಮುಕಿ ಐದು ಪಟ್ಟು ಗುರುತ್ವದಲ್ಲಿ ತಲೆಯೆತ್ತಿದರೆ ರೆಕ್ಕೆ ಹೊರುವುದು ಹತ್ತು ಕಿಲೋ ಭಾರ. ಪುಸ್ತಕ ಮಡಚಿದಂತೆ ರೆಕ್ಕೆಗಳು ಮಡಚಿದರೆ, ಉಳಿದ ಒಡಲು ಎಂಜಿನ್ ಸಮೇತ ಕಲ್ಲಿನಂತೆ ಬೀಳುತ್ತದೆ. ಬಯಲಿನಲ್ಲಿ ಆಡುವ ಮಕ್ಕಳಿರುವ ನಗರಗಳಲ್ಲಿ ಇದು ತಮಾಷೆಯ ಮಾತಲ್ಲ.

ಪರಿಹಾರ ಕಷ್ಟದ್ದಲ್ಲ. ಸಾಧ್ಯವಿದ್ದಷ್ಟೂ ಹಾಳೆಯನ್ನು ಗಾಜಿನ ಮೇಲಿಟ್ಟು ಮೊದಲೇ ಅಳತೆಗೆ ಕತ್ತರಿಸಿಕೊಳ್ಳಬೇಕು. ಮರದ ಮೇಲೆ ಕತ್ತರಿಸಲೇಬೇಕಾದಲ್ಲಿ ಅಡಿಗೆ ರಟ್ಟಿನ ಪಟ್ಟಿ ತೂರಿಸಬೇಕು, ಅಥವಾ ಬೆಸುಗೆ ಕಡ್ಡಿಯ ಬಿಸಿ ತುದಿಯಿಂದ ಹಾಳೆಯನ್ನಷ್ಟೇ ಕರಗಿಸಿ ಬೇರ್ಪಡಿಸಬೇಕು. ಹಳೆಯ ಮೊಂಡು ಬ್ಲೇಡು ಹೆಚ್ಚು ಒತ್ತಡ ಬೇಡುವುದರಿಂದ ಅದೇ ಹೆಚ್ಚು ಅಪಾಯಕಾರಿ. ಸಂಘಗಳ ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಈ ಕೆಲಸ ಕಲಿಸುವುದಾದರೆ, 150 ಡಿಗ್ರಿಯ ಇಸ್ತ್ರಿಯ ಬಳಿಯೂ ಹೊಸ ಬ್ಲೇಡಿನ ಬಳಿಯೂ ದೊಡ್ಡವರೊಬ್ಬರು ಕೂತಿರಲೇಬೇಕು. ಇನ್ನು ಬಿಸಿಗಾಳಿಯ ಬಂದೂಕು ಮಕ್ಕಳ ಕೈಗೆ ಬೇಡವೇ ಬೇಡ. ಅದರ ಗಾಳಿ ಇಸ್ತ್ರಿಗಿಂತ ಬಹಳ ಹೆಚ್ಚು ಬಿಸಿ.

ಊರಿಗೆ ತಕ್ಕ ಹೊದಿಕೆ

ಬಾಲ್ಸಾ ತೇವ ಹೀರುವ ಮರ. ಮುಂಬಯಿಯ ಮಳೆಗಾಲದಲ್ಲಿ ಊದಿಕೊಂಡ ಮರಕ್ಕೆ ಹಾಳೆ ಬಿಗಿದರೆ, ಚಳಿಗಾಲದ ಒಣ ಹವೆಗೆ ಮರ ಕುಗ್ಗಿ ಹಾಳೆ ಸಡಿಲವಾಗುತ್ತದೆ. ದಿಲ್ಲಿಯವರಿಗೆ ಈ ವ್ಯತ್ಯಾಸ ಇನ್ನೂ ಹೆಚ್ಚು. ಚೆನ್ನೈಯ ಕಡಲ ಹವೆಯಲ್ಲಿ ಒಣ ದಿನ ಹುಡುಕುವುದೇ ಕಷ್ಟ. ಪುಣೆ, ಹೈದರಾಬಾದಿನವರು ಈ ಮಟ್ಟಿಗೆ ಪುಣ್ಯವಂತರು. ಮಳೆಗಾಲದಲ್ಲಿ ಕಟ್ಟುವ ಕೆಲಸ ಮುಗಿಸಿ, ದೀಪಾವಳಿಯ ಬಳಿಕ ಹೊದಿಕೆಗೆ ಕೈ ಹಾಕುವುದು ಮುಂಬಯಿಗೆ ಹೊಂದುವ ಕ್ರಮ. ಮೈದಾನದ ಉರಿಬಿಸಿಲಲ್ಲಿಟ್ಟ ರೆಕ್ಕೆಯಲ್ಲಿ ಸುಕ್ಕು ಕಂಡರೆ ಗಾಬರಿ ಬೇಡ, ನೆರಳಿಗೆ ತಂದರೆ ಹೆಚ್ಚಿನ ಸುಕ್ಕು ತಾನಾಗಿ ಹೋಗುತ್ತದೆ. ಹೋಗದಿದ್ದರೆ ಮೊದಲು ಅಂಚುಗಳನ್ನು ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಒತ್ತಿ ಭದ್ರಪಡಿಸಿ, ಆಮೇಲೆ ನಡುವಿಗೆ ಬಿಸಿ ತೋರಿಸಬೇಕು. ಅಂಚು ಭದ್ರವಿಲ್ಲದೆ ನಡುವನ್ನು ಬಿಗಿದರೆ ಹಾಳೆ ಅಂಚಿನಿಂದಲೇ ಕಿತ್ತು ಬರುತ್ತದೆ.

ರೆಕ್ಕೆ ಮುಗಿದ ಮೇಲೆ ಉಳಿದ ಆ ತುಂಡನ್ನು ಎಸೆಯುವವರಿದ್ದಾರೆ. ಅದನ್ನು ರಟ್ಟಿನ ಕೊಳವೆಗೆ ಸುತ್ತಿ, ಹಾಳೆಯ ಹೆಸರು, ಅಂಟಿದ ಶಾಖ, ಬಿಗಿದ ಶಾಖ ಬರೆದು ಕಪಾಟಿನ ಮೇಲಿಡುವುದು ಒಳಿತು. ಮೊದಲ ಇಳಿತದಲ್ಲೇ ಬೇಲಿಯ ಮುಳ್ಳು ರೆಕ್ಕೆಗೆ ತೂತು ಮಾಡಿದಾಗ ತೇಪೆಗೆ ಬೇಕಾಗುವುದು ಅದೇ ಬಣ್ಣದ ಹಾಳೆ. ಮೊನೊಕೋಟ್‌ನ ಬಳಕೆದಾರರು 2018ರ ಬಳಿಕ ಕಂಡುಕೊಂಡಂತೆ, ಆ ಬಣ್ಣ ಅಂಗಡಿಯಲ್ಲಿ ಮತ್ತೆ ಸಿಗುತ್ತದೆಂಬ ಭರವಸೆ ಇಲ್ಲ.